ನೋವಿಲ್ಲದ ಮಂಡಿ

"ನೀವು ಹೊರಗಿರಿ," ಎನ್ನುತ್ತಲೇ ಇಸ್ತ್ರಿಯಾಕೆ ಬಾಗಿಲನ್ನು ಎಳೆದುಕೊಂಡಳು. ಚೌಕಟ್ಟಿನ ಮೇಲಿಟ್ಟ ಕೈಯನ್ನು ಜಿಂಕೆ ಸರಕ್ಕನೆ ಹಿಂದಕ್ಕೆ ತೆಗೆದುಕೊಂಡದ್ದರಿಂದ ಅವಳ ಬೆರಳುಗಳು ಉಳಿದವು.

"ನಾನು ಮಗಳು ಕಣ್ರೀ," ಎಂದಳು ಮುಚ್ಚಿದ ಬಾಗಿಲಿಗೆ.

"ಗೊತ್ತಮ್ಮ. ಅದಕ್ಕೇ ಹೊರಗಿರಿ ಅಂದಿದ್ದು." ಒಳಗೆ ಬಕೆಟ್ಟಿಗೆ ನೀರು ಬೀಳುತ್ತಿತ್ತು. "ನಿಮ್ಮಮ್ಮ ನಮ್ಮ ಹತ್ರ ಮಾತು ತಗೊಂಡಿದ್ರು. ಸ್ನಾನ ಮಾಡ್ಸೋದು, ಬಟ್ಟೆ ಹಾಕೋದು ಎಲ್ಲ ನಾವೇ. ಮಗಳು ಬೇಡ ಅಂತ."

ಒಂಬತ್ತು ತಿಂಗಳು ಹೊತ್ತು ಹೆತ್ತ ಮಗಳು ಬೇಡವಂತೆ, ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು ಬೇಕಂತೆ! ಬೆಳಗಿನ ಮೊದಲ ಬಸ್ಸಿಗೆ ಹೊರಟು, ದಾರಿಯುದ್ದಕ್ಕೂ ತುಟಿ ಕಚ್ಚಿ ಹಿಡಿದು, ಅಮ್ಮನ ತಲೆಗೂದಲನ್ನಾದರೂ ತಾನು ಬಾಚುತ್ತೇನೆಂದುಕೊಂಡು ಬಂದವಳು ಜಿಂಕೆ. ಈಗ ಹೊರಗಿನವರ ಹಾಗೆ ಪಡಸಾಲೆಯಲ್ಲಿ ನಿಂತಿದ್ದಳು.

ಜಿಂಕೆ ಎಂಬುದು ಅಮ್ಮನೇ ಇಟ್ಟ ಹೆಸರು. ಹುಡುಗಿಯಾಗಿದ್ದಾಗ ಅವಳು ನಡೆದದ್ದನ್ನು ಯಾರೂ ನೋಡಿರಲಿಲ್ಲ, ಬರೀ ಓಟ. ಓಡಿ ಓಡಿ ಪದಕ ತಂದಳು, ಕೊನೆಗೆ ಓಟವನ್ನೇ ಹೊಟ್ಟೆಪಾಡು ಮಾಡಿಕೊಂಡು ಬೇರೆ ಊರಿನ ಶಾಲೆಯಲ್ಲಿ ಆಟದ ಟೀಚರ್ ಆದಳು. ಅಮ್ಮ ಇದೇ ಮನೆಯ ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಟೇಲರಮ್ಮ ಎಂದರೆ ಆಚೀಚೆ ನಾಲ್ಕು ಬೀದಿಗೆ ಗೊತ್ತು. ನಿನ್ನೆ ಸಂಜೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಎತ್ತಲಿಲ್ಲ.

"ನಿಂತ್ಕೋಬೇಡ ಕಣೇ," ಅಣ್ಣ ಕುರ್ಚಿ ತಂದಿಟ್ಟ. ಅತ್ತು ಅವನ ಕಣ್ಣು ಊದಿಕೊಂಡಿತ್ತು. "ಮಂಡಿ ಹೇಗಿದೆ?"

ಅಯ್ಯೋ, ಮಂಡಿ! ಬಾಗಿಲ ಜಗಳದಲ್ಲಿ ಮರೆತೇ ಹೋಗಿತ್ತು. ಜಿಂಕೆ ತಕ್ಷಣ ಬಲಗಾಲನ್ನು ಸ್ವಲ್ಪ ಎಳೆದು, ಕುರ್ಚಿಯ ತೋಳು ಹಿಡಿದು ಮೆಲ್ಲನೆ ಕೂತಳು. "ಹಾಗೇ ಇದೆ," ಎಂದಳು.

ಕೇಳಿದವರಿಗೆಲ್ಲ ವರ್ಷಗಳಿಂದ ಅವಳು ಕೊಡುತ್ತಿದ್ದ ಉತ್ತರ ಅದು. ಒಂದು ರೀತಿಯಲ್ಲಿ ನಿಜವೇ. ಆ ಮಂಡಿ ಹಾಗೇ ಇತ್ತು, ಕಲ್ಲುಗುಂಡಿನ ಹಾಗೆ. ಅದರಲ್ಲಿ ಯಾವ ನೋವೂ ಇರಲಿಲ್ಲ. ಇದ್ದದ್ದೆಲ್ಲ ಅದಕ್ಕಿಂತ ಎರಡು ಗೇಣು ಮೇಲೆ.

*

ಅದು ಜಿಂಕೆಯ ಮಗ ನಡೆಯಲು ಕಲಿತ ವರ್ಷ. ಶಾಲೆಯ ಮೈದಾನದಲ್ಲಿ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಜಿಂಕೆ ಹಗ್ಗದಾಟ ಹೇಳಿಕೊಡುತ್ತಿದ್ದಳು. "ಹೀಗೆ, ಕಾಲ್ಬೆರಳ ಮೇಲೆ," ಎಂದು ಹಾರಿದಳು. ನಾಲ್ಕನೇ ಸಲ ಹಾರಿದಾಗ ತೊಡೆಯುದ್ದಕ್ಕೂ ಬೆಚ್ಚಗೆ ಇಳಿಯಿತು. ತಡೆದಳು, ನಿಲ್ಲಲಿಲ್ಲ. ಮೈ ತನ್ನ ಮಾತು ಕೇಳುವುದಿಲ್ಲ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿರದ ಸಂಗತಿ. ಹುಡುಗಿಯರು ನೋಡುವುದರೊಳಗೆ ನೀರಿನ ಬಾಟಲಿ ಎತ್ತಿ ಸೊಂಟದ ಮೇಲೆ ಸುರಿದುಕೊಂಡು, "ಏನು ಸೆಕೆನಪ್ಪಾ!" ಎಂದು ನಕ್ಕಳು. ಹುಡುಗಿಯರೂ ನಕ್ಕು ತಮ್ಮ ತಮ್ಮ ಮೇಲೆ ನೀರು ಸುರಿದುಕೊಂಡರು. ಆವತ್ತು ಮಾನ ಉಳಿಯಿತು.

ಆದರೆ ದಿನಾ ಬಾಟಲಿ ಸುರಿದುಕೊಳ್ಳುವುದಕ್ಕಾಗುತ್ತದೆಯೇ? ಅದಕ್ಕೇ ಮಂಡಿ ಹುಟ್ಟಿಕೊಂಡಿತು. ಮಂಡಿನೋವು ಎಂದರೆ ಯಾರೂ ಮುಖ ಮುರಿಯುವುದಿಲ್ಲ. ಹೆಡ್‌ಮಾಸ್ಟರು ಅಯ್ಯೋ ಪಾಪ ಎಂದು ಅವಳನ್ನು ಆಟದ ಸಾಮಾನಿನ ಕೋಣೆಗೆ ಹಾಕಿದರು. ಅಲ್ಲಿ ಕೂತು ಚೆಂಡು ಕೊಡುವುದು, ಹಗ್ಗ ಎಣಿಸುವುದು, ಕಿಟಕಿಯಿಂದ ಸೀಟಿ ಊದುವುದು. ಕುಂಟುವ ಜಿಂಕೆ ಎಂದು ಮಕ್ಕಳು ಹಿಂದಿನಿಂದ ಅನ್ನುತ್ತಿದ್ದುದು ಅವಳಿಗೂ ಕೇಳಿಸಿತ್ತು.

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಮಧ್ಯಾಹ್ನದ ತನಕ ನೀರು ಮುಟ್ಟಳು, ಕೇಳಿದರೆ ಅಸಿಡಿಟಿ. ಸಿನಿಮಾ ಬೇಡ, ತಲೆನೋವು. ಗಂಡ ಹತ್ತಿರ ಸರಿದರೆ ಸುಸ್ತು. ಎಲ್ಲೇ ಹೋಗಲಿ, ಮೊದಲು ಹುಡುಕುತ್ತಿದ್ದುದು ಬಚ್ಚಲಿನ ಬಾಗಿಲು. ಜೋರಾಗಿ ನಗುವುದನ್ನು ಬಿಟ್ಟಳು, ಗೆಳತಿಯರು ಇವಳಿಗೆ ಜಂಬ ಬಂತು ಎಂದುಕೊಂಡರು. ಅಳುವುದಕ್ಕೂ ಅಳತೆ. ಬಿಕ್ಕಿದರೆ ಅಲ್ಲೂ ಕಟ್ಟೆಯೊಡೆಯುತ್ತಿತ್ತು. ಇಡೀ ಪ್ರಪಂಚದಲ್ಲಿ ಇಂಥ ನಾಚಿಕೆಗೇಡು ತನ್ನೊಬ್ಬಳಿಗೇ ಬಂದದ್ದು ಎಂದು ಅವಳು ಪೂರ್ತಿ ನಂಬಿದ್ದಳು.

ತವರಿಗೆ ಬಂದಾಗಲೆಲ್ಲ ಅಮ್ಮ ಹಸಿರು ಶೀಶೆಯ ನೋವಿನೆಣ್ಣೆ ತರುತ್ತಿದ್ದಳು. ಮಗಳ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಲ್ಲಿ ಎಣ್ಣೆ ಬಿಸಿ ಮಾಡಿ, ಮಂಡಿಯ ಸುತ್ತ ತಿಕ್ಕುತ್ತಿದ್ದಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳು. ಜಿಂಕೆಗೆ ಅಳು ಬರುವಷ್ಟು ಹಿತವಾಗುತ್ತಿತ್ತು. ಈಗ ಹೇಳಿಬಿಡಲೇ ಎಂದು ಬಾಯಿ ತೆರೆಯುತ್ತಿದ್ದಳು, "ಸಾಕಮ್ಮ" ಎಂದು ಮುಚ್ಚುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಎಡವಟ್ಟಾಯಿತು. ಬಸ್ಸಿಳಿದ ಗಡಿಬಿಡಿಯಲ್ಲಿ ಯಾವ ಕಾಲೆಂಬುದು ಮರೆತು, ಎಡಗಾಲು ಎಳೆಯುತ್ತ ಮನೆಯೊಳಗೆ ಬಂದಳು. ಅಮ್ಮ ಅವಳ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು. ಆಮೇಲೆ ತನ್ನ ಸ್ಟೂಲನ್ನು ಎತ್ತಿ ಆ ಪಕ್ಕದಿಂದ ಈ ಪಕ್ಕಕ್ಕೆ ಇಟ್ಟುಕೊಂಡು, ಎಡಮಂಡಿಗೆ ಎಣ್ಣೆ ಹಾಕಿ ತಿಕ್ಕತೊಡಗಿದಳು. ಪಾಪ, ಅಮ್ಮನಿಗೆ ವಯಸ್ಸಾಯಿತು, ಗೊತ್ತಾಗಲಿಲ್ಲ ಎಂದು ಜಿಂಕೆ ನಿಟ್ಟುಸಿರುಬಿಟ್ಟಿದ್ದಳು.

ಆ ಹಬೆಯಾಡುವ ಬೇಸಿಗೆಯಲ್ಲೇ ಅಮ್ಮ ಅವಳಿಗೊಂದು ಕಪ್ಪು ಲಂಗ ಹೊಲಿದುಕೊಟ್ಟದ್ದು. ಒಳಗೆ ಎರಡೆರಡು ಪದರ ಅಸ್ತರ, ಕೈಯಲ್ಲಿ ಹಿಡಿದರೆ ಭಾರ. "ಲಂಗ ಹೊಲಿ ಅಂದ್ರೆ ಕಂಬಳಿ ಹೊಲಿದಿದ್ದೀಯಲ್ಲಮ್ಮ!" ಎಂದು ಜಿಂಕೆ ಅಂದಳು. "ಹಾಕ್ಕೋ, ಒಳ್ಳೇದು," ಎಂದಷ್ಟೇ ಅಮ್ಮ ಅಂದಳು. ಒಂದು ದಿನವೂ ಹಾಕದೆ ಪೆಟ್ಟಿಗೆಯ ತಳಕ್ಕೆ ತಳ್ಳಿದ್ದಳು. ಇವತ್ತು ಕಪ್ಪು ಬೇಕಾಯಿತೆಂದು ಹುಡುಕಿ ತೆಗೆದು ಹಾಕಿಕೊಂಡಿದ್ದಳು.

*

ಬಾಗಿಲು ತೆರೆದಾಗ ಅಮ್ಮ ಸಿದ್ಧಳಾಗಿದ್ದಳು. ನೀಲಿ ಉಡುಪು, ಬೆಳ್ಳಗೆ ಇಸ್ತ್ರಿಯಾದ ಕಾಲರು, ಬೈತಲೆ ನೆಟ್ಟಗೆ. ಹೊರಗಿನವರು ಮಾಡಿದರೂ ಅಚ್ಚುಕಟ್ಟಾಗಿಯೇ ಮಾಡಿದ್ದರು. ಅದರಿಂದ ಜಿಂಕೆಗೆ ಮೈ ಇನ್ನಷ್ಟು ಉರಿಯಿತು.

ಜನ ಬಂದರು, ಕೂತರು, ಮೆಲ್ಲಗೆ ಮಾತಾಡಿದರು. ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ಹೆಂಗಸರ ನಡುವಿನಿಂದ ಇದ್ದಕ್ಕಿದ್ದ ಹಾಗೆ ಕಿಸಕ್ಕೆಂದು ನಗು ಕೇಳಿಸಿತು. "ಸಮುದ್ರದ ಹತ್ರ ಆವತ್ತು ಅಲೆ ಬಂದಾಗ ಟೇಲರಮ್ಮ ಏನಂದ್ರು ನೆನಪಿದ್ಯಾ? 'ಇನ್ನು ಯಾವುದು ಯಾರ ನೀರು ಅಂತ ಯಾರು ಕೇಳ್ತಾರ್ರೇ' ಅಂದ್ರಲ್ಲ!" ಆಮೇಲೆ ಯಾರೋ ಶ್ ಎಂದರು, ಯಾರೋ ಮೂಗು ಸೀಟಿದರು.

ಸಮುದ್ರ? ಬಸ್ಸಿನಲ್ಲಿ ಕೂರಲಾಗದು ಎಂದು ಮೊಮ್ಮಗನ ಹುಟ್ಟಿದ ದಿನಕ್ಕೂ ಬಾರದ ಅಮ್ಮ ಸಮುದ್ರಕ್ಕೆ ಹೋಗಿದ್ದಳೇ? ಜಿಂಕೆ ಯೋಚಿಸುತ್ತಿರುವಾಗಲೇ ಒಂದು ಸೀನು ಬಂತು. ತಡೆಯುವುದರೊಳಗೆ ಇನ್ನೊಂದು. ಕಾಲಿನ ಮೇಲೆ ಕಾಲು ಬಿಗಿದು, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಳು. ತಲೆಯೆತ್ತಿದರೆ ಎದುರಿಗೆ ಕೂತಿದ್ದ ನರ್ಸಮ್ಮ ಅವಳ ಕಾಲುಗಳನ್ನೇ ನೋಡುತ್ತಿದ್ದವಳು ಥಟ್ಟನೆ ಬೇರೆ ಕಡೆ ನೋಡಿದಳು. ಆಸ್ಪತ್ರೆಯಿಂದ ನಿವೃತ್ತಳಾಗಿ ಎದುರುಮನೆಯಲ್ಲಿರುವ ಮುದುಕಿ ಅವಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಜಿಂಕೆ ಲಂಗದ ನೆರಿಗೆಯನ್ನು ಸರಿಮಾಡಿಕೊಂಡಳು.

ಅತ್ತಿಗೆ ಚಹಾ ತಂದಳು. ಅಣ್ಣನ ಹೆಂಡತಿ, ಅಮ್ಮನ ಜೊತೆಗೇ ಇದ್ದವಳು. ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ ನಿಲ್ಲದ ಹೆಂಗಸು.

"ತಗೊಳ್ಳಿ. ಬೆಳಗಿಂದ ಒಂದು ಗುಟುಕು ನೀರು ಕುಡಿದಿಲ್ಲ ನೀವು."

"ಬೇಡ ಅತ್ತಿಗೆ. ಸೇರಲ್ಲ."

"ಸೇರದೆ ಏನು? ನೀರು ಬಿಟ್ರೆ ಕಮ್ಮಿಯಾಗತ್ತೆ ಅಂದ್ಕೊಂಡಿದ್ದೀರ. ಜಾಸ್ತಿಯಾಗತ್ತೆ ರೀ, ಉರಿ ಬೇರೆ ಬರತ್ತೆ. ಅತ್ತೆ ಯಾವಾಗ್ಲೂ ಹೇಳ್ತಿ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

"ಏನು ಜಾಸ್ತಿಯಾಗತ್ತೆ?"

ಅತ್ತಿಗೆ ನರ್ಸಮ್ಮನ ಕಡೆ ನೋಡಿದಳು. ನರ್ಸಮ್ಮ ಕಣ್ಣು ಮುಚ್ಚಿಕೊಂಡಳು. ಜಿಂಕೆ ಎದ್ದು ಅತ್ತಿಗೆಯ ಮಣಿಕಟ್ಟು ಹಿಡಿದು ಹೊಲಿಗೆ ಕೋಣೆಗೆ ಎಳೆದುಕೊಂಡು ಹೋದಳು. ಹಿಂದೆಯೇ ನರ್ಸಮ್ಮ ಬಂದಳು, ಅವಳ ಹಿಂದೆ ಇಸ್ತ್ರಿಯಾಕೆ. ಬಾಗಿಲು ಹಾಕಿಕೊಂಡದ್ದು ಇಸ್ತ್ರಿಯಾಕೆಯೇ. ಆದರೆ ಈ ಸಲ ಜಿಂಕೆ ಒಳಗಿದ್ದಳು.

"ಹೇಳ್ಬಿಡಿ ನರ್ಸಮ್ಮ," ಎಂದಳು ಅತ್ತಿಗೆ. "ನನ್ನ ಬಾಯಿಗೆ ಬೆಂಕಿ ಬೀಳ. ಇನ್ನೇನು ಮುಚ್ಚಿಡೋದು."

*

ನರ್ಸಮ್ಮ ಹೇಳಿದ್ದು ಸ್ವಲ್ಪ. ಉಳಿದದ್ದನ್ನು ಜಿಂಕೆ ತನ್ನ ನೆನಪಿನಿಂದಲೇ ತುಂಬಿಕೊಂಡಳು.

ಜಿಂಕೆ ದಪ್ಪ ಮಗು. ಹೆರಿಗೆ ಕಷ್ಟವಾಯಿತು, ಎಳೆದು ತೆಗೆದರು. ಅದಾದ ಮೇಲೆ ಅಮ್ಮನಿಗೆ ಕೆಮ್ಮಿದರೆ, ಬಗ್ಗಿದರೆ, ನೀರಿನ ಕೊಡ ಎತ್ತಿದರೆ ಒದ್ದೆ. ಅಮ್ಮನ ಅತ್ತೆ, "ಹೆತ್ತವರಿಗೆಲ್ಲ ಇದ್ದದ್ದೇ, ಬಾಯಿ ಮುಚ್ಕೊಂಡಿರು," ಎಂದರು. ಅಮ್ಮ ಬಾಯಿ ಮುಚ್ಚಿಕೊಂಡಳು. ಹೊಲಿಗೆಯ ಸ್ಟೂಲಿನ ಮೇಲೆ ಮಡಿಸಿದ ರಬ್ಬರ್ ಹಾಳೆ, ಅದರ ಮೇಲೊಂದು ಹೂವಿನ ಬಟ್ಟೆ. ಬೇರೆಯವರ ಮನೆಗೆ ಹೋದರೆ ಕೂರುತ್ತಿರಲಿಲ್ಲ. "ಕೂತು ಅಭ್ಯಾಸ ಇಲ್ಲ, ನಿಂತೇ ಇರ್ತೀನಿ," ಎನ್ನುತ್ತಿದ್ದಳು. ಕೂತು ಹೊಲಿಯುವುದೇ ಕಸುಬಾದವಳು ಹೀಗೆಂದರೆ ಯಾರಿಗಾದರೂ ನಗು ಬರಬೇಕಿತ್ತು. ಯಾರೂ ನಕ್ಕಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ದೊಡ್ಡ ಓಟದ ದಿನ ಜಿಂಕೆ ದಾರ ಮುಟ್ಟಿ, ಏದುಸಿರು ಬಿಡುತ್ತ ಮೆಟ್ಟಿಲುಗಳ ಮೇಲೆಲ್ಲ ಅಮ್ಮನನ್ನು ಹುಡುಕಿದ್ದಳು. ಕಾಣಲಿಲ್ಲ. "ಗೇಟಿನ ಹತ್ರ ನಿಂತಿದ್ನಲ್ಲೇ," ಎಂದು ಅಮ್ಮ ಆಮೇಲೆ ಹೇಳಿದಳು. "ಸುಳ್ಳು. ನೀನು ನೋಡೇ ಇಲ್ಲ," ಎಂದು ಹುಡುಗಿ ಎರಡು ದಿನ ಮಾತು ಬಿಟ್ಟಿದ್ದಳು. ಗೇಟಿನ ಪಕ್ಕದಲ್ಲೇ ಬಚ್ಚಲಿತ್ತು. ಮಗಳು ಗೆದ್ದ ಹೊತ್ತಿನಲ್ಲಿ ತಾಯಿ ಅದರೊಳಗಿದ್ದಳು.

ಮುಂದೆ ಎಷ್ಟೋ ವರ್ಷಗಳಾದ ಮೇಲೆ, ಮಗಳು ಮದುವೆಯಾಗಿ ಹೋದ ಮೇಲೆ, ನರ್ಸಮ್ಮ ಬಟ್ಟೆ ಹೊಲಿಸಲು ಬಂದಳು. ಅಳತೆ ತೆಗೆಯಲು ಎದ್ದ ಟೇಲರಮ್ಮನ ಹಿಂದೆ ಸ್ಟೂಲಿನ ಒದ್ದೆ ಬಟ್ಟೆಯನ್ನು ನೋಡಿದಳು. "ಎಷ್ಟು ದಿನದಿಂದ?" ಎಂದು ಕೇಳಿದಳು, ಜ್ವರ ಎಷ್ಟು ದಿನದಿಂದ ಎಂದು ಕೇಳುವ ಹಾಗೆ. ಅಷ್ಟು ಸಾಕಾಯಿತು. ಟೇಲರಮ್ಮ ಅಳತೆ ಪಟ್ಟಿಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಒಳಗಿನ ಸ್ನಾಯು ಬಿಗಿದು ಹಿಡಿಯುವುದು, ಸಡಿಲಿಸುವುದು, ಹೊತ್ತಿಗೆ ಸರಿಯಾಗಿ ಹೋಗಿಬರುವುದು, ಹೆದರಿ ನೀರು ಬಿಡದಿರುವುದು, ಎಲ್ಲವನ್ನೂ ನರ್ಸಮ್ಮ ಕಲಿಸಿದಳು. ಡಾಕ್ಟರ ಹತ್ತಿರ ಜೊತೆಗೆ ಹೋದಳು. ಪೂರ್ತಿ ವಾಸಿಯಾಗಲಿಲ್ಲ, ಕಮ್ಮಿಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯ ಹೋಯಿತು. "ಇದೊಂದು ಮೊಂಡು ಮಗು ಕಣ್ರೇ," ಎನ್ನುತ್ತಿದ್ದಳಂತೆ ಅಮ್ಮ. "ಹೊಡೆದ್ರೆ ಜೋರಾಗಿ ಅಳತ್ತೆ. ಹೊತ್ತಿಗೆ ಸರಿಯಾಗಿ ಎತ್ಕೊಂಡ್ರೆ ಸುಮ್ನಿರತ್ತೆ."

ಆಮೇಲೆ ಬಟ್ಟೆ ಹೊಲಿಸಲು ಬಂದವರಲ್ಲಿ ಯಾರು ಕೂರದೆ ನಿಂತರೋ, ಯಾರು ಕಪ್ಪು ಬಟ್ಟೆಯನ್ನೇ ಕೇಳಿದರೋ, ಅಮ್ಮ ಮೆಲ್ಲಗೆ ಕೇಳುತ್ತಿದ್ದಳು, "ಎಷ್ಟು ದಿನದಿಂದ?" ಹೀಗೆ ಸಂಘ ಬೆಳೆಯಿತು. ತಮ್ಮನ್ನು ತಾವೇ ನಲ್ಲಿ ಸಂಘ ಎಂದು ಕರೆದುಕೊಂಡರು. ಮಂಗಳವಾರ ಮಧ್ಯಾಹ್ನ ಬಾಗಿಲು ಹಾಕಿ ಕೂರುತ್ತಿದ್ದರು. ಎರಡು ಪದರದ ಲಂಗಗಳನ್ನು ಅಮ್ಮ ಎಲ್ಲರಿಗೂ ಹೊಲಿದುಕೊಟ್ಟಳು. ಒಂದು ಸಲ ಧೈರ್ಯ ಮಾಡಿ ಬಸ್ಸು ಹತ್ತಿ ಸಮುದ್ರಕ್ಕೂ ಹೋಗಿಬಂದರು.

ಒಂದು ಮಂಗಳವಾರ ಜಿಂಕೆಯೂ ಆ ಬಾಗಿಲು ತಟ್ಟಿದ್ದಳು. ಒಳಗಿನ ಗಲಗಲ ನಗು ಥಟ್ಟನೆ ನಿಂತಿತ್ತು. "ಅಳತೆ ನಡೀತಿದೆ. ಹೊರಗಿರು," ಎಂದಿದ್ದಳು ಅಮ್ಮ.

*

"ಅತ್ತಿಗೆ, ನಿಮಗೆ ಯಾವಾಗ ಹೇಳಿದ್ಲು?" ಜಿಂಕೆಯ ದನಿ ಅವಳಿಗೇ ಗುರುತು ಸಿಗಲಿಲ್ಲ.

"ನನ್ನ ಎರಡನೇ ಹೆರಿಗೆ ಆದ್ಮೇಲೆ. ಕೆಮ್ಮು ಬಂದಾಗ ನಾನು ಗೋಡೆ ಹಿಡ್ಕೊಂಡೆ. ಅತ್ತೆ ನೋಡಿದ್ರು. ಸಂಜೆ ಕರೆದು ಕೂರ್ಸಿ ಎಲ್ಲ ಹೇಳಿದ್ರು."

"ಅದೇ ದಿನ?"

"ಹೂಂ. ಅದೇ ದಿನ."

ಸೊಸೆ ಒಂದು ಸಲ ಗೋಡೆ ಹಿಡಿದದ್ದಕ್ಕೆ ಅದೇ ಸಂಜೆ ಬಾಯಿಬಿಟ್ಟವಳು! ಜಿಂಕೆ ಯಂತ್ರದ ಅಂಚನ್ನು ಹಿಡಿದುಕೊಂಡಳು. ಕೇಳಬೇಕಾದ ಮಾತು ಒಂದೇ ಉಳಿದಿತ್ತು. ಅದರ ಉತ್ತರ ಇಲ್ಲ ಎಂದಾಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ನನ್ನದು? ನನಗೂ ಹೀಗೇ ಅಂತ ಅವಳಿಗೆ ಗೊತ್ತಿತ್ತಾ?"

ಇಸ್ತ್ರಿಯಾಕೆ ಹೇಳಿದಳು. "ಅನುಮಾನ ಮೊದಲಿಂದ ಇತ್ತಮ್ಮ. ಆ ಕಾಲಿನ ನೋವು ಈ ಕಾಲಿಗೆ ಬಂತಲ್ಲ, ಆವತ್ತು ಗಟ್ಟಿಯಾಯ್ತು."

"ಆಮೇಲೂ ಎಣ್ಣೆ ಹಚ್ಚಿದ್ಲಲ್ಲ."

"ಹಚ್ಚಿದ್ರು. ಇಲ್ಲಿ ಬಂದು ಕೂತು, 'ಗಟ್ಟಿಮುಟ್ಟಾಗಿರೋ ಮಂಡಿ ತಿಕ್ಕಿ ತಿಕ್ಕಿ ನನ್ನ ಕೈ ಸೋತೋಯ್ತು ಕಣ್ರೇ' ಅಂತ ನಗೋರು. ನಗ್ತಾ ನಗ್ತಾನೇ ಅತ್ಬಿಡೋರು."

"ನೀವೂ ನಕ್ಕಿರಾ?"

"ನಕ್ವಿ," ಎಂದಳು ನರ್ಸಮ್ಮ. ಸುಳ್ಳು ಹೇಳುವ ವಯಸ್ಸು ಅವಳಿಗೆ ದಾಟಿತ್ತು.

"ಯಾಕೆ ಹೇಳ್ಲಿಲ್ಲ ನನಗೆ? ಊರಿಗೆಲ್ಲ ಹೇಳಿದ್ಲಲ್ಲ!"

"ನಾನು ಬೈದೆ ಟೀಚರ್," ಎಂದಳು ನರ್ಸಮ್ಮ. "ಎಷ್ಟೋ ಸಲ ಬೈದೆ. 'ಅವಳು ಹುಟ್ಟಿದಾಗ ಶುರುವಾಗಿದ್ದು, ಅಮ್ಮನ ಬಾಳು ಕೆಡಿಸಿದ್ದು ನಾನೇ ಅಂದ್ಕೋತಾಳೆ' ಅನ್ನೋರು. ಇನ್ನೊಂದು ದಿನ, 'ಅವಳೊಬ್ಬಳ ಕಣ್ಣಲ್ಲಾದ್ರೂ ನಾನು ಒಣಗಿದ ಬಟ್ಟೇಲಿರ್ಬೇಕು' ಅನ್ನೋರು. ಕೊನೆಗೆ, 'ಅವಳೇ ಮೊದ್ಲು ಬಾಯಿಬಿಡ್ಲಿ, ಆಮೇಲೆ ನಾನು ಹೇಳ್ತೀನಿ.'"

"ನೀವು ಬಂದಾಗೆಲ್ಲ ಇವತ್ತು ಹೇಳ್ತೀನಿ ಅಂತ್ಲೇ ಎಣ್ಣೆ ಶೀಶೆ ಹಿಡ್ಕೊಂಡು ಹೋಗೋರು," ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

ಅದನ್ನು ಕೇಳಿ ಕರಗಿಹೋಗುವಷ್ಟು ಮೆತ್ತಗಿನ ಮನಸ್ಸು ಜಿಂಕೆಗೆ ಆ ಹೊತ್ತಿನಲ್ಲಿರಲಿಲ್ಲ.

"ನಾನು ಮೈದಾನ ಬಿಟ್ಟೆ," ಎಂದಳು. "ನಗೋದು ಬಿಟ್ಟೆ. ಗಂಡನ ಪಕ್ಕ ಮಲಗೋದು ಬಿಟ್ಟೆ. ನಾನೊಬ್ಬಳೇ ಹೀಗೆ ಅಂದ್ಕೊಂಡು ಸತ್ತು ಸತ್ತು ಬದುಕಿದೆ. ಇಲ್ಲಿ, ಇದೇ ಕೋಣೇಲಿ, ಇದಕ್ಕೆ ಮದ್ದು ಇತ್ತು. ಚಹಾ ಕುಡ್ಕೊಂಡು ಹಂಚ್ಕೋತಿದ್ರಿ. ನಾನು ಬಾಗಿಲು ತಟ್ಟಿದ್ರೆ ಹೊರಗಿರು ಅಂದ್ಲು ನಮ್ಮಮ್ಮ. ಮನೆಗೆ ಮಾರಿ, ಊರಿಗೆ ಉಪಕಾರಿ!"

ಹೊರಗೆ ಅಣ್ಣ ಬಾಗಿಲು ತಟ್ಟಿ, ವ್ಯಾನು ಬಂತು ಎಂದ. ಯಂತ್ರದ ಪಕ್ಕದ ಹಲಗೆಯ ಮೇಲೆ, ದಾರದುಂಡೆಗಳ ನಡುವೆ ಹಸಿರು ಶೀಶೆಯಿತ್ತು. ಹೊಸದು, ಮುಚ್ಚಳದ ಕಾಗದ ಕೂಡ ಹರಿದಿರಲಿಲ್ಲ. ಮುಂದಿನ ಸಲ ಮಗಳು ಬಂದಾಗ ಎಂದು ತಂದಿಟ್ಟದ್ದು. ಜಿಂಕೆ ಅದನ್ನೆತ್ತಿ ಕೈಚೀಲಕ್ಕೆ ಹಾಕಿಕೊಂಡಳು.

*

ಮಣ್ಣು ಮಾಡುವ ಜಾಗ ಊರಾಚೆಯ ದಿಬ್ಬದ ಮೇಲಿತ್ತು. ವ್ಯಾನು ಗೇಟಿನಲ್ಲೇ ನಿಂತಿತು. ಅಲ್ಲಿಂದ ಜಲ್ಲಿಯ ದಾರಿ ಹತ್ತಬೇಕು. ಅಣ್ಣ ತೋಳು ಕೊಟ್ಟ. "ಮೆಲ್ಲಗೆ. ಮಂಡಿ ಜೋಪಾನ." ಜಿಂಕೆ ಅವನ ತೋಳು ಹಿಡಿದು, ಬಲಗಾಲು ಎಳೆಯುತ್ತ ಹತ್ತಿದಳು. ಅಭ್ಯಾಸವಾದ ಸುಳ್ಳು, ಕಾಲು ತಾನಾಗಿಯೇ ಹೇಳುತ್ತಿತ್ತು.

ಶವಪೆಟ್ಟಿಗೆ ಹಗ್ಗದ ಮೇಲೆ ಗುಂಡಿಗೆ ಇಳಿಯಿತು. ಅಣ್ಣ ಮೊದಲ ಹಿಡಿ ಮಣ್ಣು ಹಾಕಿ ಮುಖ ಮುಚ್ಚಿಕೊಂಡ. ಮುಂದಿನ ಸರದಿ ಮಗಳದು. ಬಗ್ಗಿ ಮಣ್ಣು ತೆಗೆದುಕೊಳ್ಳಬೇಕಾದವಳು ಕೈಚೀಲಕ್ಕೆ ಕೈಹಾಕಿ ಶೀಶೆ ತೆಗೆದಳು.

"ನಿನ್ನ ಎಣ್ಣೆ ನೀನೇ ಇಟ್ಕೋ," ಎಂದು ಕೈಬಿಟ್ಟಳು.

ಶೀಶೆ ಪೆಟ್ಟಿಗೆಗೆ ಟಣ್ಣೆಂದು ಬಡಿದು, ಒಡೆಯದೆ, ಪಕ್ಕದ ಸಡಿಲ ಮಣ್ಣಿಗೆ ಉರುಳಿತು. ಏನೋ ಪ್ರೀತಿಯ ಕಾಣಿಕೆ ಇರಬೇಕೆಂದು ಯಾರೋ ಹಿಂದಿನಿಂದ ಬಿಕ್ಕಿದರು. ಆಗ ಜಿಂಕೆಗೆ ಅಳು ಒಡೆಯಿತು. ಬೆಳಗಿನಿಂದ ಅಳೆದು ತೂಗಿ ಹಿಡಿದಿಟ್ಟಿದ್ದ ಅಳು. ಎಷ್ಟೋ ವರ್ಷಗಳಾದ ಮೇಲೆ ಅವಳು ಬಾಯ್ತೆರೆದು, ಹೊಟ್ಟೆ ಹಿಂಡಿಹೋಗುವ ಹಾಗೆ ಅತ್ತಳು. ಅದರೊಂದಿಗೆ ಇನ್ನೊಂದೂ ಹೋಯಿತು. ತಡೆಯಲು ಹೋಗಲಿಲ್ಲ. ಬಿಸಿ ತೊಡೆಗಿಳಿಯಿತು, ಅಷ್ಟೇ. ಅಮ್ಮ ಹೊಲಿದ ಎರಡು ಪದರದ ಅಸ್ತರ ಅಷ್ಟನ್ನೂ ಹೀರಿಕೊಂಡು ಭಾರವಾಗಿ ಕಾಲಿಗಂಟಿತು. ಕಣ್ಣೀರಿನ ನಡುವೆಯೇ ಬಗ್ಗಿ ನೋಡಿಕೊಂಡಳು. ಹೊರಗೆ ಕಪ್ಪು ಬಟ್ಟೆ ಒಣಗಿಯೇ ಇತ್ತು. ಒಂದು ಹನಿಯೂ ಆಚೆ ಬಂದಿರಲಿಲ್ಲ.

ಎಲ್ಲ ಗೊತ್ತಿದ್ದೇ ಹೊಲಿದಿದ್ದಾಳೆ. ಜಿಂಕೆಗೆ ಅಳು ನಿಂತು ಸಿಟ್ಟು ಬಂತು. ಈ ಬಟ್ಟೆಯ ಜೊತೆಗೆ ಒಂದೇ ಒಂದು ಮಾತು ಹೊಲಿದಿದ್ದರೆ ಏನಾಗುತ್ತಿತ್ತಮ್ಮ ನಿನಗೆ?

ತಿರುಗಿ ಇಳಿಯತೊಡಗಿದಳು. ಅಣ್ಣನ ತೋಳಿಗೆ ಕಾಯಲಿಲ್ಲ. ಜಲ್ಲಿಯ ಮೇಲೆ ಅವಳ ಹೆಜ್ಜೆ ಬೇಗಬೇಗ, ಒಂದೇ ಸಮನೆ ಬೀಳುತ್ತಿತ್ತು.

"ಏಯ್, ಮಂಡಿ! ಮಂಡಿ ಕಣೇ!" ಎಂದು ಅಣ್ಣ ಹಿಂದಿನಿಂದ ಕೂಗಿದ. ಆಮೇಲೆ ಹೆಂಡತಿಗೆ, "ಯಾವ ಕಾಲು ಇವಳದ್ದು ನೋವಿರೋದು?" ಎಂದು ಕೇಳಿದ್ದೂ ಕೇಳಿಸಿತು. ಅತ್ತಿಗೆಯ ಉತ್ತರ ಕೇಳಿಸಲಿಲ್ಲ. ಆ ಬಾಯಿ ಮೊದಲ ಸಲ ಮುಚ್ಚಿಕೊಂಡಿರಬೇಕು.

ಗೇಟಿನ ಪಕ್ಕದಲ್ಲಿ ಒಂದೇ ಬಾಗಿಲಿನ ಬಚ್ಚಲು. ಅದರ ಮುಂದೆ ಅಮ್ಮನ ಸಂಘದವರು ಆಗಲೇ ಸಾಲು ನಿಂತಿದ್ದರು, ಎಲ್ಲರೂ ಗಾಢ ಬಣ್ಣದ, ದಪ್ಪನೆಯ ಲಂಗಗಳಲ್ಲಿ. ಜಿಂಕೆ ಬರುವುದನ್ನು ಕಂಡು ನರ್ಸಮ್ಮ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಮುಂದೆ ಜಾಗ ಮಾಡಿದಳು.

"ಬನ್ನಿ. ಮಂಗಳವಾರನೂ ಬನ್ನಿ."

"ಅಮ್ಮ ಕರೀಬೇಕಿತ್ತು," ಎಂದಳು ಜಿಂಕೆ.

ಬಿಟ್ಟ ಜಾಗಕ್ಕೆ ಅವಳು ಹೋಗಲಿಲ್ಲ. ಎಲ್ಲರನ್ನೂ ದಾಟಿ ಸಾಲಿನ ಕೊನೆಗೆ ಹೋಗಿ, ದಿಬ್ಬಕ್ಕೆ ಬೆನ್ನು ಹಾಕಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತಳು.